ಕೂಸಿನ ಕಾಲು ಹಿಡಿಯುವವರು

ಸಂಜೆ ಐದೂವರೆಗೆ ಕೂಸು ಅಳಲು ಶುರು ಮಾಡುತ್ತಿತ್ತು. ಗೋಡೆಯ ಗಡಿಯಾರ ತಪ್ಪಿದರೂ ಅದು ತಪ್ಪುತ್ತಿರಲಿಲ್ಲ. ಮೊದಲು ಮುಖ ಕೆಂಪಾಗುವುದು, ಆಮೇಲೆ ಮೊಣಕಾಲು ಹೊಟ್ಟೆಗೆ ಮಡಚಿ ಮುಷ್ಟಿ ಬಿಗಿಯುವುದು, ಅದರ ಹಿಂದೆಯೇ ಆ ಕೂಗು. ಐದು ವಾರದ ಹೆಣ್ಣುಕೂಸು, ಅಂಗೈ ಅಗಲದ ಎದೆ. ಅಷ್ಟು ಕೂಗು ಅದರೊಳಗೆ ಎಲ್ಲಿ ಅಡಗಿತ್ತೋ ಸಾಯಿನಾಥನಿಗೆ ತಿಳಿಯದು. ಎಂಟೂವರೆವರೆಗೆ ಅತ್ತು ಅತ್ತು, ದೀಪ ಆರಿಸಿದಂತೆ ಒಮ್ಮೆಲೇ ನಿದ್ದೆಹೋಗುವುದು. ಮೂರು ತಾಸು. ದಿನಾ ಮೂರು ತಾಸು.

ನಾರಾಯಣಪೇಟೆಯ ನೇಕಾರರ ಓಣಿಯಲ್ಲಿ ಅವನದು ಎರಡು ಖೋಲಿಯ ಮನೆ. ಮುಂದಿನದರಲ್ಲಿ ಮಗ್ಗ, ಹಿಂದಿನದರಲ್ಲಿ ಸಂಸಾರ. ಹೆಂಡತಿ ರಜಿನಿಗೆ ತಾಯಿ ಇಲ್ಲ. ಗದ್ವಾಲದ ತವರಿನಲ್ಲಿದ್ದವನು ಅಪ್ಪ ಒಬ್ಬನೇ, ಅವನಿಗೆ ಚಹಾ ಕಾಸಲೂ ಬಾರದು. ಹಾಗಾಗಿ ಬಾಣಂತನ ಅತ್ತೆ ತಿರುಪತಮ್ಮನ ಪಾಲಿಗೆ ಬಂತು. ತಿರುಪತಮ್ಮ ಐದು ಹೆತ್ತು ಮೂರು ಉಳಿಸಿಕೊಂಡವಳು. ಕೂಸಿನ ವಿಷಯದಲ್ಲಿ ತನಗೆ ಯಾರೂ ಹೇಳಿಕೊಡಬೇಕಿಲ್ಲ ಎಂಬ ಗರ್ವ ಅವಳಿಗಿತ್ತು.

ಅವಳು ಬಲ್ಲದ್ದನ್ನೆಲ್ಲ ಮಾಡಿದಳು. ಓಮ ಹುರಿದು ಬಟ್ಟೆಯಲ್ಲಿ ಕಟ್ಟಿ ಹೊಟ್ಟೆಗೆ ಶಾಖ ಕೊಟ್ಟಳು. ಹಿಂಗು ಕಲಸಿ ಹೊಕ್ಕುಳ ಸುತ್ತ ಹಚ್ಚಿದಳು. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟಿಗೆ ಓಣಿಯೆಲ್ಲ ಕೆಮ್ಮಿತು, ಕೂಸು ಇನ್ನಷ್ಟು ಅತ್ತಿತು. ರಜಿನಿಗೆ ಬದನೆಕಾಯಿ ಬಂದ್, ಬೇಳೆ ಬಂದ್.

"ನಿನ್ನ ಹಾಲs ಸರಿ ಇಲ್ಲ ಬಿಡು," ಎಂದಳು ತಿರುಪತಮ್ಮ.

"ಹಾಲು ಸರಿ ಇಲ್ಲಂದ್ರ ಮುಂಜಾನಿಂದ ಮಧ್ಯಾಹ್ನದ ತನಕ ಹೆಂಗ ನಗತೈತಿ ಅತ್ತಿ? ಸಂಜಿಗಷ್ಟs ಕೆಡತೈತೇನು?" ಎಂದಳು ರಜಿನಿ.

ಮಕ್ಕಳ ಡಾಕ್ಟರು ತೂಕ ನೋಡಿದರು, ಹೊಟ್ಟೆ ಒತ್ತಿ ನೋಡಿದರು, "ಏಂ ಕಾದು" ಎಂದರು. ಏನೂ ಆಗುವುದಿಲ್ಲ, ಎಷ್ಟೋ ಕೂಸುಗಳು ಹೀಗೇ ಅಳುತ್ತವೆ, ಮೂರು ತಿಂಗಳಿಗೆ ತಾನೇ ನಿಲ್ಲುತ್ತದೆ. ಸಾಯಿನಾಥನಿಗೆ ಮೈಯೆಲ್ಲ ಉರಿಯಿತು. ಮೂರು ತಿಂಗಳು ಎಂದು ಹೇಳಲು ಎಷ್ಟು ಹೊತ್ತು ಬೇಕು? ಡಾಕ್ಟರು ಸಂಜೆ ಆರಕ್ಕೆ ಅವನ ಮನೆಗೆ ಬಂದು ಕುಳಿತು ಹೇಳಲಿ ನೋಡೋಣ.

ಓಣಿಯ ಆಶಾ ಕಾರ್ಯಕರ್ತೆ ಶಿರಿಷಾ ಬಂದು ಕೂಸನ್ನು ಮುಂಗೈ ಮೇಲೆ ಬೋರಲು ಮಲಗಿಸಿಕೊಳ್ಳುವುದು ಹೇಗೆ, ಹಾಲು ಕುಡಿದ ಮೇಲೆ ತೇಗಿಸುವುದು ಹೇಗೆ ಎಂದು ತೋರಿಸಿದಳು. ಹೋಗುವಾಗ ತಿರುಪತಮ್ಮನ ಕಡೆ ಬೆರಳು ಮಾಡಿದಳು.

"ದೊಡ್ಡವ್ವಾ, ಚುಟಿಗಿ ಗಿಟಿಗಿ ಅಂತ ಕೂಸಿನ ಹೊಟ್ಟಿ ಸುಡಿಸೀರಿ, ಹುಷಾರ್! ಕೀವಾಗಿ ಎರಡು ಕೂಸು ದವಾಖಾನಿ ಸೇರ್ಯಾವ."

"ನೀ ಎಷ್ಟು ಹಡದೀಯವ್ವ?"

"ಒಂದು."

"ಒಂದs? ಇನ್ನ ನಾಕು ಹಡದು ಬಾ. ಆಮ್ಯಾಗ ಹೇಳೀಯಂತೆ."

ಶಿರಿಷಾ ಹೇಳದಿದ್ದರೂ ಆ ಮಾತು ಬರುವುದಿತ್ತು. ಮಾರನೆಯ ದಿನವೇ ತಿರುಪತಮ್ಮ ಬಾಯಿಬಿಟ್ಟಳು. ಮಖ್ತಲ್ ಕಡೆಯ ಕಿಷ್ಟಮ್ಮ ಇದ್ದಾಳೆ, ಕೈಗುಣದವಳು. ಅರಿಶಿಣದ ಕೊಂಬನ್ನು ಕೆಂಡದಲ್ಲಿ ಕಾಸಿ ಹೊಕ್ಕುಳ ಸುತ್ತ ನಾಲ್ಕು ಚುಟಿಗೆ ಹಾಕುತ್ತಾಳೆ. ಅಷ್ಟೇ. ಹೊಟ್ಟೆಯ ಗಾಳಿ ಹೊರಟುಹೋಗುತ್ತದೆ.

ಸಾಯಿನಾಥ ಅಂಗಿ ಎತ್ತಿದ. ಅವನ ಹೊಟ್ಟೆಯ ಮೇಲೂ ಜೋಳದ ಕಾಳಿನಷ್ಟು ದೊಡ್ಡ ನಾಲ್ಕು ಬಿಳಿ ಕಲೆಗಳಿದ್ದವು.

"ನನಗ ಹಾಕಿಸಿದ ಮ್ಯಾಲೆ ಎಷ್ಟು ದಿನಕ್ಕ ಅಳೂದು ನಿಲ್ಲಿಸಿದೆ, ಹೇಳು?"

"ಯಾರು ಎಣಿಸ್ಯಾರ? ನಿಲ್ಲಿಸಿದಿ."

"ಹಂಗಾದ್ರ ಬ್ಯಾಡ. ನನ್ನ ಮಗಳ ಮೈಮ್ಯಾಲೆ ಕೆಂಡ ಇಡಾಕ ಬಿಡಂಗಿಲ್ಲ."

ರಜಿನಿ ಗಂಡನ ಮುಖ ನೋಡಿದಳು. ಲಗ್ನವಾಗಿ ಆರು ವರ್ಷದಲ್ಲಿ ಅವನು ತಾಯಿಗೆ ಎದುರಾಡಿದ್ದನ್ನು ಅವಳು ನೋಡಿದ್ದು ಅದೇ ಮೊದಲು.

ಮಂಗಳವಾರ ಒಂದು ಸೋಜಿಗವಾಯಿತು. ಅರಿಶಿಣ ಬಣ್ಣದ ಒಡಲು, ಕೆಂಪು ಅಂಚಿನ ಸೀರೆ ಮಗ್ಗದ ಮೇಲಿತ್ತು. ಕೂಸು ಅಳಲು ಶುರು ಮಾಡಿದಾಗ ಸಾಯಿನಾಥ ಏಳಲಿಲ್ಲ. ಸಿಟ್ಟಿಗೆ ಜೋರಾಗಿ ತುಳಿದು, ಜೋರಾಗಿ ಬಡಿದು ನೇಯತೊಡಗಿದ. ಲಾಳಿ ಅತ್ತ ಹೋಗಿ ಇತ್ತ ಬರುವಷ್ಟರಲ್ಲಿ ಹಿಂದಿನ ಖೋಲಿ ನಿಶ್ಶಬ್ದವಾಯಿತು. ರಜಿನಿ ಬಾಗಿಲಿಗೆ ಬಂದು ಬಾಯಿಯ ಮೇಲೆ ಬೆರಳಿಟ್ಟು, ನಿಲ್ಲಿಸಬೇಡ ಎಂದು ಕೈಮಾಡಿದಳು.

ಬುಧವಾರವೂ ಹಾಗೇ ಆಯಿತು. ಗುರುವಾರವೂ. ಮಗ್ಗ ನಿಂತರೆ ಕೂಸು ಮುಲುಗುವುದು, ಮಗ್ಗ ಹೊರಟರೆ ಸುಮ್ಮನಾಗುವುದು. ನೇಕಾರನ ಮಗಳಲ್ಲವೇ ಎಂದು ತಿರುಪತಮ್ಮ ಓಣಿಗೆಲ್ಲ ಹೇಳಿ ಬಂದಳು. ಸಾಯಿನಾಥ ಗುರುವಾರ ಮೂರು ತಾಸು ಒಂದೇ ಸಮನೆ ನೇಯ್ದ. ಕಣ್ಣು ಬಟ್ಟೆಯ ಮೇಲಿರಲಿಲ್ಲ, ಕಿವಿ ಹಿಂದಿನ ಖೋಲಿಯಲ್ಲಿತ್ತು. ಎದ್ದು ದೀಪ ಹತ್ತಿರ ಹಿಡಿದು ನೋಡಿದರೆ, ಸೆರಗು ಶುರುವಾಗಬೇಕಾದ ಜಾಗಕ್ಕೆ ಅಂಚಿನಲ್ಲಿ ಕಟ್ಟಿಟ್ಟಿದ್ದ ದಾರದ ಗುರುತು ಎಂದೋ ದಾಟಿಹೋಗಿತ್ತು. ಅರಿಶಿಣದ ಒಡಲೇ ಇನ್ನೂ ಎರಡು ಮೊಳ ಮುಂದೆ ಹೋಗಿತ್ತು. ಹದಿನೈದನೇ ವಯಸ್ಸಿಗೆ ಮಗ್ಗದ ಕುಣಿಗೆ, ಕಾಲು ಇಳಿಬಿಟ್ಟು ಕೂರುವ ಆ ಗುಂಡಿಗೆ, ಇಳಿದವನು ಇಂಥ ತಪ್ಪು ಮಾಡಿರಲಿಲ್ಲ. ಎಳೆ ಎಳೆಯಾಗಿ ಬಿಚ್ಚಬೇಕು, ಎರಡು ದಿನದ ಕೆಲಸ. ಆದರೂ ನಕ್ಕ. ಹೋಗಲಿ, ಕೂಸು ಮಲಗಿತಲ್ಲ.

ಶುಕ್ರವಾರ ಅವನು ಬಿಚ್ಚುವುದನ್ನು ಬಿಟ್ಟು ಐದೂವರೆಗೆ ಸರಿಯಾಗಿ ನೇಯಲು ಕುಳಿತ. ಕೂಸು ಅತ್ತಿತು. ಇನ್ನೂ ಜೋರಾಗಿ ಬಡಿದ. ಇನ್ನೂ ಜೋರಾಗಿ ಅತ್ತಿತು. ಆರಾಯಿತು, ಆರೂವರೆಯಾಯಿತು. ಬೆವರು ಕಣ್ಣಿಗಿಳಿಯಿತು, ಹಾಸಿನ ಉದ್ದೆಳೆಗಳು ಪಟಪಟ ಹರಿದವು.

"ನಿಲ್ಲಸ್ರೀ!" ರಜಿನಿ ಕಿರುಚಿದಳು. "ಒಂದು ಗದ್ದಲಾನ ಸಾಕಾಗೈತಿ, ಎರಡು ಕೇಳಾಕ ಆಗಂಗಿಲ್ಲ ನನಗ!"

ಸಾಯಿನಾಥ ಕುಣಿಯಿಂದ ಎದ್ದು ಬಂದು ಅವಳ ತೊಡೆಯ ಮೇಲಿದ್ದ ಕೂಸನ್ನು ಎರಡೂ ಕಂಕುಳಿಗೆ ಕೈ ಹಾಕಿ ಎತ್ತಿದ. ಮುಖದ ಹತ್ತಿರ ಮುಖ ತಂದು, "ಏನು ಬೇಕs ನಿನಗ? ಏನು ಬೇಕು?" ಎಂದು ಕೂಗಿದ. ಕೂಸಿನ ತಲೆ ಹಿಂದಕ್ಕೆ ವಾಲಿತು. ತನ್ನ ಬೆರಳುಗಳು ಆ ಪಕ್ಕೆಗಳ ಮೇಲೆ ಬಿಗಿಯಾಗುತ್ತಿರುವುದು ಅವನಿಗೆ ಗೊತ್ತಾಯಿತು. ಅಲುಗಾಡಿಸಿದರೆ ಸುಮ್ಮನಾಗುತ್ತದೆ ಎಂದು ಕೈ ತಾನೇ ಹೇಳುತ್ತಿತ್ತು. ರಜಿನಿ ನೋಡುತ್ತಿದ್ದಳು.

ಅವನು ಕೂಸನ್ನು ಕೌದಿಯ ಮೇಲೆ ಮೆಲ್ಲಗೆ ಇಟ್ಟು ಹೊರಗೆ ಹೋದ. ಕಟ್ಟೆಯ ಮೇಲೆ ಕುಳಿತು ಕೈ ನೋಡಿಕೊಂಡ. ಇವತ್ತು ಕೂಸನ್ನು ಕೆಳಗಿಟ್ಟೆ, ನಾಳೆ? ನಾಳೆ ಇಡದಿದ್ದರೆ? ಈ ಕೈಗಿಂತ ಕೆಂಡವೇ ವಾಸಿ. ಕೆಂಡ ನಾಲ್ಕು ಕಲೆ ಬಿಟ್ಟುಹೋಗುತ್ತದೆ, ನಾನು ಏನು ಬಿಡುತ್ತಿದ್ದೆನೋ.

ಒಳಗೆ ಬಂದು, "ಅವ್ವಾ, ನಾಳಿ ಕಿಷ್ಟಮ್ಮನ್ನ ಬರಾಕ ಹೇಳು," ಎಂದ.

ರಜಿನಿ ಬೈಯಲಿಲ್ಲ, ಅಳಲಿಲ್ಲ. "ನಾ ಹಿಡಿಯಂಗಿಲ್ಲ. ನೋಡಂಗೂ ಇಲ್ಲ. ನೀವs ತಾಯಿ ಮಗ ಮಾಡಿಕೊಳ್ರಿ," ಎಂದು ಗೋಡೆಗೆ ಮುಖ ಮಾಡಿದಳು.

ಶನಿವಾರ ಸಂಜೆ ಕಿಷ್ಟಮ್ಮ ಮಖ್ತಲ್‌ನಿಂದ ಬಸ್ಸಿನಲ್ಲಿ ಬಂದಳು. ಸಣಕಲು ಮುದುಕಿ, ಬಾಯ್ತುಂಬ ಎಲೆಅಡಿಕೆ. ಕೂಸು ಆಗಲೇ ಶುರು ಮಾಡಿತ್ತು. ಕುಂಪಟಿ ಒಲೆಯಲ್ಲಿ ಕೆಂಡ ಮಾಡಿಸಿ, ಅದರಲ್ಲಿ ಅರಿಶಿಣದ ಕೊಂಬಿನ ತುದಿ ಇಟ್ಟಳು.

"ಕೂಸಿನ ತಂದಿ ಎಲ್ಲಿ? ಬಾರಪ್ಪ, ಕಾಲು ಹಿಡಿ. ತಂದಿನs ಹಿಡೀಬೇಕು. ಬ್ಯಾರೆಯವರು ಹಿಡಿದ್ರ ಚುಟಿಗಿ ನಾಟಂಗಿಲ್ಲ."

ಅದು ಸಾಯಿನಾಥನಿಗೆ ಗೊತ್ತಿರಲಿಲ್ಲ. ಮಂಡಿಯೂರಿ ಕುಳಿತು ಎರಡು ಪಾದಗಳನ್ನು ಹಿಡಿದ. ಎರಡೂ ಸೇರಿ ಅವನ ಒಂದು ಮುಷ್ಟಿ ತುಂಬಲಿಲ್ಲ. ಅವು ಬಿಸಿಯಾಗಿದ್ದವು, ಎಳೆದುಕೊಳ್ಳುತ್ತಿದ್ದವು. ಕೂಸು ಮೊಣಕಾಲು ಹೊಟ್ಟೆಗೆ ತಂದುಕೊಳ್ಳಲು ಒದ್ದಾಡುತ್ತಿತ್ತು. ಹೊಟ್ಟೆ ನೊಂದಾಗ ಅದಕ್ಕೆ ಗೊತ್ತಿದ್ದದ್ದು ಅದೊಂದೇ ಉಪಾಯ, ಅದನ್ನೂ ಅವನು ಹಿಡಿದಿಟ್ಟಿದ್ದ.

"ಗಟ್ಟಿ ಹಿಡಿ. ಅಲುಗಿದ್ರ ಜಾಗಾ ತಪ್ಪತೈತಿ," ಎಂದು ಕಿಷ್ಟಮ್ಮ ಕೊಂಬನ್ನು ಎತ್ತಿ ಊದಿದಳು. ತುದಿ ಕೆಂಪಗೆ ಹೊಳೆಯಿತು. ಹೊಗೆಯ ವಾಸನೆ ಬಂತು.

ಅವನು ಕೈಬಿಟ್ಟ. ಮೊಣಕಾಲು ತಟ್ಟನೆ ಹೊಟ್ಟೆಗೆ ಹೋದವು.

"ಏನಪ್ಪಾ?"

"ಬ್ಯಾಡ." ಕೂಸನ್ನು ಬಾಚಿ ಎತ್ತಿಕೊಂಡು ಎದ್ದ. "ಬ್ಯಾಡ, ದೊಡ್ಡವ್ವಾ. ನಡೀ, ಬಸ್ಸಿಗೆ ಬಿಟ್ಟು ಬರ್ತೀನಿ."

"ಕೂಸು ಎತ್ತಿಕೊಂಡು ಬಸ್ಸಿಗೆ ಬಿಡ್ತೀಯಾ? ದಾರಿ ನನಗ ಗೊತ್ತೈತಿ," ಎಂದು ಕಿಷ್ಟಮ್ಮ ಕೊಂಬನ್ನು ನೀರಿಗೆ ಅದ್ದಿ ಸೆರಗಿಗೆ ಕಟ್ಟಿಕೊಂಡಳು. "ಗಂಡಸರs ಹಿಂಗ. ಕರಿಯೂದೂ ಅವರ, ಓಡೂದೂ ಅವರ."

ಅವಳು ಹೋದ ಮೇಲೆ ತಿರುಪತಮ್ಮ ಸಿಡಿದಳು. "ಅಲ್ಲಲೇ, ಮತ್ತೇನು ಮಾಡೂದು? ದಿನಾ ಹಿಂಗ ಕೂಸು ಒದ್ದಾಡೂದು ನೋಡಿಕೋತ ಸುಮ್ನ ಕುಂದ್ರು ಅಂದ್ರ ಹೆಂಗ ಕುಂದರ್ಲಿ?" ಎಂದಳು. ಐದು ಹೆತ್ತವಳ ಕಣ್ಣಲ್ಲಿ ನೀರು.

"ನನಗೂ ಕುಂದ್ರಾಕ ಬರಂಗಿಲ್ಲ ಅವ್ವಾ." ಕೂಸು ಅವನ ಹೆಗಲ ಮೇಲೆ ಅರಚುತ್ತಿತ್ತು, ಅವನು ಅದರ ಮೇಲೆ ಕೂಗಿ ಹೇಳಬೇಕಾಯಿತು. "ನಿನ್ನಿ ಕೈಯಾಗ ಹಿಡಕೊಂಡಿದ್ದೆ ನೋಡು, ಆವಾಗ... ಆವಾಗ ನನಗ ಏನೋ ಆಗಿತ್ತು. ಅದಕ್ಕs ಆಕಿನ್ನ ಕರಿ ಅಂದೆ. ನನಗ ನನ್ನ ಕೈದs ಅಂಜಿಕಿ ಬಂದೈತಿ."

ತಿರುಪತಮ್ಮ ಕುಂಪಟಿಯ ಕೆಂಡಕ್ಕೆ ನೀರು ಚಿಮುಕಿಸಿದಳು.

"ನಿನ್ನ ಅಕ್ಕನ್ನ ನಾನು ಒಮ್ಮೆ ಹಾಸಿಗಿ ಮ್ಯಾಲೆ ಒಗದು ಬಾವಿ ತನಕ ಓಡಿದ್ದೆ," ಎಂದಳು. "ಯಾರಿಗೂ ಹೇಳಿಲ್ಲ. ತಾ ಇಲ್ಲಿ. ಅಂಜಿಕಿ ಬಂದ ಕ್ಷಣ ಕೊಟ್ಟುಬಿಡು. ಕೇಳಬ್ಯಾಡ, ಕೊಟ್ಟುಬಿಡು."

ಅವನು ಕೊಟ್ಟ. ಅವಳು ಕೂಸನ್ನು ಮುಂಗೈ ಮೇಲೆ ಬೋರಲು ಹಾಕಿಕೊಂಡು ಖೋಲಿಯ ಉದ್ದಕ್ಕೂ ನಡೆದಳು. ಮೊಣಕಾಲು ನೋವಿನ ಮುದುಕಿ, ಹತ್ತು ಸುತ್ತಿಗೆ ಏದುಸಿರು ಬಿಟ್ಟಳು. ಗೋಡೆಯ ಕಡೆ ಮುಖ ಮಾಡಿದ್ದ ರಜಿನಿ ಎದ್ದು ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡಳು.

"ನನಗ ಕೊಡ್ರಿ ಅತ್ತಿ. ನೀವು ಕುಂದ್ರಿ."

ಸಾಯಿನಾಥ ಹೊಸ್ತಿಲ ಮೇಲೆ ಕುಳಿತ, ತನ್ನ ಸರದಿ ಬರಲೆಂದು. ಕೂಸು ಯಾರ ತೋಳಿನಲ್ಲಿದ್ದರೂ ಒಂದೇ ಸಮನೆ ಅಳುತ್ತಿತ್ತು.