ಬಿರಡೆ ತೆಗೆದಿಟ್ಟ ಬಾಟಲಿ

ಬಣ್ಣದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ನನಗೆ ‘ಮೂಗಕ್ಕ’ ಎಂದೇ ಹೆಸರು. ಯಾವ ದ್ರಾವಕ ಬಂದರೂ ಬಿರಡೆ ತೆಗೆದು ಮೂಸಿ, ಇದು ಇಂಥದ್ದೇ ಎಂದು ಹೇಳಿಬಿಡುತ್ತಿದ್ದೆ. ಹನ್ನೊಂದು ವರ್ಷದ ಜಂಬ ಅದು. ಬಂದವರೆಲ್ಲ ಮೂಸಿ ಭೇಷ್ ಅನ್ನಲಿ ಎಂದು ಬಾಟಲಿಯನ್ನು ಊಟದ ಹೊತ್ತಿನವರೆಗೂ ತೆರೆದೇ ಇಡುತ್ತಿದ್ದೆ. ಪರೀಕ್ಷೆ ಏನಿದ್ದರೂ ಊಟದ ಮೇಲೆ.

ಪರೀಕ್ಷೆ ಸರಳ. ಮುಚ್ಚಿದ ಹಿತ್ತಾಳೆ ಬಟ್ಟಲಿನಲ್ಲಿ ದ್ರಾವಕವನ್ನು ಮೆಲ್ಲಗೆ ಕಾಯಿಸುತ್ತ, ಡಿಗ್ರಿಗೊಮ್ಮೆ ಸಣ್ಣ ಜ್ವಾಲೆ ತೋರಿಸಬೇಕು. ಆವಿ ಎಷ್ಟಕ್ಕೆ ಭಗ್ಗೆನ್ನುತ್ತದೋ ಅಷ್ಟನ್ನು ಬರೆಯಬೇಕು. ಸೋಮವಾರ ಬಂದ ಹೊಸ ದ್ರಾವಕಕ್ಕೆ ನಲವತ್ತೊಂದು ಡಿಗ್ರಿ ಎಂದು ಬರೆದೆ. ಅದನ್ನು ತುಂಬಿಟ್ಟ ಡ್ರಮ್ಮುಗಳ ಕೋಣೆಯ ಸೆಕೆ ಮೂವತ್ತೆರಡು ದಾಟುವುದಿಲ್ಲ. ಅಲ್ಲಿ ಪೈಪು ಕೊಯ್ಯಲು ಅಡ್ಡಿಯಿಲ್ಲ ಎಂದು ಸಹಿ ಹಾಕಿದೆ. ಆ ಕೋಣೆಯ ಮೇಸ್ತ್ರಿ ನನ್ನ ಸ್ವಂತ ತಮ್ಮ.

ಮಂಗಳವಾರ ಆಫೀಸಿನವರು ಅದೇ ದ್ರಾವಕದ ಇನ್ನೊಂದು ಬಾಟಲಿ ಕಳಿಸಿದರು. ನನಗೆ ವಿಪರೀತ ನೆಗಡಿ. ಮೂಸುವ ಗೋಜಿಗೇ ಹೋಗದೆ ನೇರವಾಗಿ ಬಟ್ಟಲಿಗೆ ಸುರಿದೆ. ಕಾಯಿಸುವ ಮೊದಲೇ, ಇಪ್ಪತ್ನಾಲ್ಕಕ್ಕೇ ಭಗ್ ಎಂದಿತು!

ಮೊದಲು ಥರ್ಮಾಮೀಟರಿಗೆ ಬೈದೆ. ಆಮೇಲೆ ಕಿಟಕಿಯ ಬಳಿ ಬಾಯಿ ಬಿಟ್ಟುಕೊಂಡು ನಿಂತಿದ್ದ ನಿನ್ನೆಯ ಬಾಟಲಿ ಕಣ್ಣಿಗೆ ಬಿತ್ತು. ಬೇಗ ಹೊತ್ತಿಕೊಳ್ಳುವ ಅಂಶವೆಲ್ಲ ಊಟದ ಹೊತ್ತಿನೊಳಗೆ ಆವಿಯಾಗಿ ಹೋಗಿತ್ತು. ಉಳಿದ ಸಪ್ಪೆಯನ್ನು ಕಾಯಿಸಿ ನಾನು ಸಹಿ ಮಾಡಿದ್ದೆ. ಓಡಿದೆ.

ಡ್ರಮ್ಮುಗಳ ಕೋಣೆಯಲ್ಲಿ ಕಿಡಿ ಕಾರುತ್ತ ಪೈಪು ಕೊಯ್ಯುವ ಗ್ರೈಂಡರಿನ ವೈರನ್ನು ಆಗಷ್ಟೇ ಸಿಕ್ಕಿಸುತ್ತಿದ್ದರು.

“ಕಿತ್ತಾಕೋ ಅದನ್ನ! ಮೊದ್ಲು ಕಿತ್ತಾಕು!”

“ಏನಕ್ಕಾ, ಮೂಗಿಗೆ ಏನ್ ಬಡೀತು?” ಎಂದು ತಮ್ಮ ನಕ್ಕ. ಆಳುಗಳೂ ನಕ್ಕರು.

ಏದುಸಿರು ಬಿಡುತ್ತಲೇ ಎಲ್ಲ ಹೇಳಿದೆ. ಅವನ ನಗು ಇಂಗಿತು. ಬಾಗಿಲಿಗೆ ಅಂಟಿಸಿದ್ದ ನನ್ನ ಚೀಟಿಯನ್ನು ತಾನೇ ಕಿತ್ತ.

“ನಿನ್ನ ಸಹಿ ಇದೆ ಅಂತ ನಾನು ಎರಡನೇ ಸಲ ಓದ್ಲೂ ಇಲ್ಲ ಕಣೇ.”

“ತಪ್ಪಾಯ್ತೋ.”

ಅವನು ಸುತ್ತಲೂ ನೋಡಿದ. ಸೂರಿನ ತನಕ ಪೇರಿಸಿದ ಡ್ರಮ್ಮುಗಳು. ಒಂದೊಂದರ ಮೇಲೂ ನಾನು ಬರೆದ ಡಿಗ್ರಿ, ನನ್ನದೇ ಅಕ್ಷರ.

“ತೆರೆದಿಟ್ಟಿದ್ದು ಅದೊಂದೇ ಬಾಟ್ಲಿ ತಾನೆ?”

ಸುಳ್ಳು ಬಾಯಿಯ ತನಕ ಬಂದಿತ್ತು. ನಾಚಿಕೆಯಿಂದ ಸತ್ತುಹೋಗಬಾರದೇ ಅನ್ನಿಸಿತು.

“ಅಲ್ಲ ಕಣೋ. ಎಲ್ಲಾನೂ.”

ಅವನು ಆಳುಗಳನ್ನು ಒಬ್ಬೊಬ್ಬರನ್ನಾಗಿ ಎಣಿಸಿ ಹೊರಗೆ ಕಳಿಸಿದ. ಕೊನೆಗೆ ನನ್ನ ಕಡೆ ತಿರುಗಿ, ನೆಲ ನೋಡುತ್ತ, “ನೀವೂ ಹೊರಗೆ ನಡೀರಿ ಮೇಡಂ” ಎಂದ.

ಹುಟ್ಟಿದಾಗಿನಿಂದ ಅವನು ನನ್ನನ್ನು ‘ನೀವು’ ಎಂದವನಲ್ಲ.