ಎಲೆಯಲ್ಲಿ ತಂದ ಪಾಲು

ನಾಗವ್ವ ಸತ್ತ ಗಂಡನ ಹೆಬ್ಬೆರಳನ್ನು ತೆಂಗಿನ ನಾರಿನಿಂದ ತಿಕ್ಕುತ್ತಿದ್ದಳು. ವೀಳ್ಯದೆಲೆ ಕೊಯ್ದು ಕೊಯ್ದು ಕೂತ ಕಪ್ಪು ಹೋಗಲಿಲ್ಲ.

"ಬಿಡು ತಂಗಿ," ಅಂದ ಪಕ್ಕದ ತೋಟದ ಮಲ್ಲಿಕಸಾಬ. "ಅಲ್ಲಿ ಹೋದಮ್ಯಾಲೂ ಅಂವ ಎಲೀನ ಕೊಯ್ಯಾಂವ."

ಅವಳು ನಕ್ಕಳು, ನಕ್ಕದ್ದು ತನಗೇ ಕೇಳಿಸಲಿಲ್ಲ. ಬೆಳಗಿನಿಂದ ಎಲ್ಲವೂ ನೀರಿನೊಳಗಿಂದ ಕೇಳಿದಂತಿತ್ತು. ತೋಟದ ಮಂಜು ಬಾಗಿಲು ದಾಟಿ ಬಂದು ಹೆಣದ ಪಕ್ಕ ಕೂತಿತ್ತು.

ಪಾದ್ರಿ ಸತ್ಯಮಿತ್ರರು ಹೊಸ್ತಿಲಲ್ಲೇ ನಿಂತರು.

"ಕುಣಿ ಇನ್ನೂ ತೋಡಿಸಿಲ್ಲವ್ವ. ಸ್ಮಶಾನದ ಗೋಡಿ ಒಳಗೋ ಹೊರಗೋ, ನಿನ್ನ ಮಾತಿನ ಮ್ಯಾಲ ಐತಿ. ಕಡೀ ಗಳಿಗ್ಯಾಗ ನಿನ್ನ ಗಂಡ ಅಜ್ಜಪ್ಪ ಪಶ್ಚಾತ್ತಾಪ ಪಟ್ಟ ಅಂತ ಅನ್ನು. ಒಳಗ ಜಾಗ ಕೊಡತೇನಿ."

"ಅಂವ ಹಂಗ ಅನ್ನಲಿಲ್ಲಲ್ರಿ."

"ತಲಿ ಅಲ್ಲಾಡಿಸಿದ್ರೂ ಸಾಕು."

*

ಬಹಳ ವರ್ಷಗಳ ಹಿಂದಿನ ಮಾತು. ಅಜ್ಜಪ್ಪ ದೀಕ್ಷಾಸ್ನಾನ ಪಡೆದು ಕ್ರೈಸ್ತನಾಗಿದ್ದ, ನಾಗವ್ವ ಪಡೆದಿರಲಿಲ್ಲ. ಮೊದಲ ಸಲ ಚರ್ಚಿಗೆ, ಯೇಸುವಿನ ಹೆಸರಲ್ಲಿ ರೊಟ್ಟಿ ಹಂಚುವ ಪ್ರಭುಭೋಜನಕ್ಕೆ ಹೋದವನು ಪಾದ್ರಿ ಕೈಗಿಟ್ಟ ರೊಟ್ಟಿಯ ಚೂರಿನಲ್ಲಿ ಅರ್ಧ ತಿಂದು, ಉಳಿದದ್ದನ್ನು ವೀಳ್ಯದೆಲೆಯಲ್ಲಿ ಮಡಿಚಿ ತಂದ. ಹಿಂದೆ ಮಠಕ್ಕೆ ಹೋದಾಗಲೂ ದರ್ಗಾಕ್ಕೆ ಹೋದಾಗಲೂ ಅವನು ಬರಿಗೈಲಿ ಬಂದವನಲ್ಲ.

"ತಿನ್ನು. ನಿನ್ನ ಪಾಲು."

ರೊಟ್ಟಿಗೆ ರುಚಿಯೇ ಇರಲಿಲ್ಲ. ಎಲೆಯ ಖಾರ ಮಾತ್ರ ನಾಲಿಗೆಯಲ್ಲಿ ಉಳಿಯಿತು.

ಇದನ್ನು ಅವನೇ ಖುಷಿಯಿಂದ ಎಲ್ಲರಿಗೂ ಹೇಳಿಕೊಂಡ. ದೀಕ್ಷೆಯಿಲ್ಲದವಳಿಗೆ ಕೊಟ್ಟದ್ದು ಪಾಪವೆಂದು ಚರ್ಚಿನ ಸಭೆಯೆದುರು ಒಪ್ಪಿಕೊಳ್ಳಲು ಪಾದ್ರಿ ಹೇಳಿದರು. ಅಜ್ಜಪ್ಪ ಎದ್ದು ನಿಂತ.

"ಕುಡದದ್ದು ಪಾಪ, ಒಪ್ಪತೇನಿ. ಇಕೀಗೆ ಹೊಡದದ್ದೂ ಪಾಪ. ಇದೊಂದು ಮಾತ್ರ ಬಾಯಾಗ ಬರವಲ್ದರಿ."

ಸಭೆ ಅವನನ್ನು ಹೊರಗಿಟ್ಟಿತು; ಅಂದಿನಿಂದ ಅವನು ಚರ್ಚಿನ ಹೊರಗಿನ ಮೆಟ್ಟಿಲ ಮೇಲೆ ಕೂತು ಪ್ರಾರ್ಥನೆ ಕೇಳುತ್ತಿದ್ದ.

*

"ಮತ್ತ?" ಅಂದರು ಪಾದ್ರಿ.

ಗೋಡೆಯ ಒಳಗೆ ಮಲಗುವ ಆಸೆ ಅಜ್ಜಪ್ಪನಿಗಿತ್ತು. ಜ್ವರದಲ್ಲಿ ಅದನ್ನೇ ಕನವರಿಸಿದ್ದ. ನಾಗವ್ವನ ಕುತ್ತಿಗೆ ಅಲ್ಲಾಡಲು ಹೋಗಿ ನಿಂತಿತು.

"ಸುಳ್ಳು ಹೇಳೂದು ನಿಮ್ಮಲ್ಲಿ ಪಾಪ ಅಲ್ಲೇನ್ರಿ?"

ಪಾದ್ರಿ ಕೈಯಲ್ಲಿದ್ದ ಟೊಪ್ಪಿಗೆಯ ಅಂಚು ನೋಡಿದರು. "ಹೌದು," ಅಂದರು.

"ಹಂಗಾದ್ರ ಹೊರಗ ತೋಡಸ್ರಿ."

ಗೋಡೆಯ ಹೊರಗೆ, ಅದಕ್ಕೆ ತಾಗಿಯೇ ಕುಣಿ ತೋಡಿದರು. ಮಣ್ಣು ಮುಚ್ಚುವ ಮೊದಲು ನಾಗವ್ವ ಕೆಳಗಿಳಿದು ಗಂಡನ ಅಂಗೈಯಲ್ಲಿ ಮಡಿಚಿದ ಎಲೆಯೊಂದನ್ನು ಇಟ್ಟಳು.

"ಏನದು?" ಗೋಡೆಯ ಒಳಮಗ್ಗುಲಿಂದ ಪಾದ್ರಿ ಕೇಳಿದರು.

"ಜ್ವಾಳದ ರೊಟ್ಟಿರಿ. ಅರ್ಧ ನಾ ತಿಂದೇನಿ. ಇದು ಅವನ ಪಾಲು."

ಆಚೆ ಹೆಜ್ಜೆಯ ಸಪ್ಪಳವಾಯಿತು. ಹೋದರೇನೋ ಅಂದುಕೊಂಡಳು. ಆಮೇಲೆ ಮಂಜಿನಲ್ಲಿ, ಗೋಡೆಯ ಮೇಲಿಂದ, ಪಾದ್ರಿಯ ಕರಿ ಕೋಟಿನ ತೋಳು ಚಾಚಿಕೊಂಡಿತು. ಬಿಗಿದ ಮುಷ್ಟಿ ಮೆಲ್ಲಗೆ ಬಿಚ್ಚಿತು. ಗೋಡೆಯ ಒಳಗಿನ ಸ್ಮಶಾನದ ಮಣ್ಣು ಸ್ವಲ್ಪ ಗೋಡೆಯ ಮೇಲೇ ಉದುರಿ, ಉಳಿದದ್ದು ಎಲೆಯ ಮೇಲೆ ಬಿತ್ತು.