ನಾಲ್ಕನೇ ನಿದ್ದೆ

"ಎರಡು ವರ್ಸ ತಡ್ಕೊಂಡೋಳಿಗೆ ಇನ್ನತ್ತು ದಿನ ತಡ್ಕೊಳಕ್ಕಾಗಕಿಲ್ವೇನೇ, ಮುಂಡೇದೆ?"

ಹೊಲಗಳ ಯಜಮಾನ ಹಮ್ದಮ್ ಹೀಗೆ ಕೇಳಿದ್ದು ಅಂಗಳದ ನಡುವೆ ನಿಂತು, ಹಿಪ್ಪುನೇರಳೆ ರೆಂಬೆಗಳಿಂದ ಸೊಪ್ಪು ಬಿಡಿಸುತ್ತಿದ್ದ ಹೆಂಗಸರೆಲ್ಲರ ಎದುರಿಗೆ. ಊರು ಅವನನ್ನು ರೈಸ್, ಅಂದರೆ ಮುಖ್ಯಸ್ಥ, ಎಂದು ಕರೆಯುತ್ತದೆ. ಸಾನೊಬರ್ ಕೇಳಿದ್ದು ಅಂಥ ದೊಡ್ಡದೇನಲ್ಲ. ಮಾಸ್ಕೋದಲ್ಲಿ ಗಾರೆ ಕೆಲಸ ಮಾಡುವ ಗಂಡ ಎರ್ಗಶ್ ಹತ್ತು ದಿನದ ರಜೆಯ ಮೇಲೆ ಬರುತ್ತಿದ್ದಾನೆ. ಮನೆಯ ದೊಡ್ಡ ಕೋಣೆಯನ್ನು ತುಂಬಿಕೊಂಡಿರುವ ರೇಷ್ಮೆಹುಳುವಿನ ತಟ್ಟೆಗಳನ್ನು ಹತ್ತಿಯ ಗೋದಾಮಿಗೆ ಸಾಗಿಸಲು ಅಪ್ಪಣೆ ಬೇಕು, ಅಷ್ಟೆ. ಹುಳುಗಳೇನು ಅವಳವಲ್ಲ. ಪ್ರತಿ ವಸಂತದಲ್ಲೂ ರೈಸ್ ಮನೆಗೊಂದು ಪೆಟ್ಟಿಗೆ ಮೊಟ್ಟೆ ಹಂಚುತ್ತಾನೆ. ಬೇಡ ಎಂದವರ ಹಿತ್ತಲು, ಅಂದರೆ ವರ್ಷದ ಆಲೂಗಡ್ಡೆ ಬೆಳೆಯುವ ಆ ಅಂಗೈಯಗಲ ನೆಲ, ಮಾರನೆಯ ದಿನವೇ ಬೇರೆಯವರ ಪಾಲು.

"ಗೋದಾಮು ತಣ್ಣಗೈತೆ, ಹುಳ ಸಾಯ್ತವೆ" ಎಂದ ರೈಸ್ ಆಮೇಲೆ ಬೋಧನೆಗೆ ಇಳಿದ. ಬೋಧನೆಯೆಂದರೆ ಅವನಿಗೆ ಪ್ರಾಣ. ಕೈಗಡಿಯಾರ ತಟ್ಟಿ ಹೇಳಿದ: "ಹೊತ್ತು ಹಂಚ್ಕೊಳ್ಳೋದು ನಿಮ್ಗೆ ಗೊತ್ತಿಲ್ಲ ಕಣ್ರಮ್ಮಿ. ಗೇಯೋ ಹೊತ್ನಾಗೆ ಗೇಯ್ಬೇಕು, ಸಂಸಾರದ ಹೊತ್ನಾಗೆ ಸಂಸಾರ. ನನ್ ನೋಡಿ ಕಲೀರಿ. ಇನ್ನೊಂದು ಕೇಳುಸ್ಕೊಳ್ರಿ. ಪೊರೆ ಬಿಡಾಕೆ ನಾಲ್ಕನೇ ನಿದ್ದೆಗೆ ಬಿದ್ದ ಹುಳಾನ ಗೂಡು ಕಟ್ಟೋಗಂಟ ಯಾರೂ ಕದಲಿಸಂಗಿಲ್ಲ. ಅವಿರೋ ಕೋಣೇಲಿ ಗಲಾಟೆ ಇಲ್ಲ, ಸಿಗರೇಟು ಇಲ್ಲ, ಈರುಳ್ಳಿ ವಾಸ್ನೆ ಇಲ್ಲ, ಹೊರಗಿನ ಗಂಡಸ್ರು ಕಾಲಿಕ್ಕಂಗಿಲ್ಲ. ತಪ್ಪಿದೋರ ಹಿತ್ಲು ನಂದು."

"ನನ್ ಗಂಡ ಹೊರಗಿನೋನಾ?"

"ಎರಡು ವರ್ಸದಿಂದ ಎಲ್ಲಿದ್ದ? ಹೊರಗೆ ತಾನೆ?"

ತನ್ನ ಮಾತಿಗೆ ತಾನೇ ನಕ್ಕು ರೈಸ್ ಕಾರು ಹತ್ತಿದ.

ಎರ್ಗಶ್ ಬಂದ. ಬಾಗಿಲಲ್ಲೇ ಮಗಳನ್ನು ಎತ್ತಿಕೊಂಡು ಜೋರಾಗಿ ನಕ್ಕ. ಮೂರು ವರ್ಷದ ಲೋಲಾ ಆ ಅಪರಿಚಿತನ ಬಾಯಿಯ ಮೇಲೆ ಬೆರಳಿಟ್ಟು, "ಶ್! ಹುಳ ಮನಿಕ್ಕಂಡವೆ" ಅಂದಳು. ಹುಳುಗಳು ಬಂದಾಗಿನಿಂದ ಆ ಮನೆಯಲ್ಲಿ ಪಿಸುಮಾತು ಮಾತ್ರ.

ದೊಡ್ಡ ಕೋಣೆ ಹುಳುಗಳದ್ದು. ಸಣ್ಣ ಕೋಣೆಯಲ್ಲಿ ಅತ್ತೆ ಒರಿಯತ್, ಲೋಲಾ ಮತ್ತು ಸಾನೊಬರ್. ಎರ್ಗಶ್‌ಗೆ ಸಿಕ್ಕಿದ್ದು ಜರ್ದಾಳು ಮರದ ಬುಡ, ಮೇಕೆಯ ಪಕ್ಕ. ಬೆಳಗಾದರೆ ಅವನು ಹಿಪ್ಪುನೇರಳೆ ಮರದ ಮೇಲೆ, ಅವಳು ಮೂರು ಗಂಟೆಗೊಮ್ಮೆ ತಟ್ಟೆಗಳ ಮುಂದೆ. ನಾಲ್ಕು ದಿನ ಗಂಡ ಹೆಂಡತಿ ಮಾತಾಡಿದ್ದೆಲ್ಲ ನಡುವೆ ಒಂದು ಹೊರೆ ಸೊಪ್ಪು ಇಟ್ಟುಕೊಂಡೇ.

"ಮೇಕೆ ಹೆಂಗೈತೆ?" ಎಂದು ಅವಳು ಕೇಳಿದಳು.

"ನಿನ್ಗಿಂತ ವಾಸಿ. ರಾತ್ರಿ ಎಲ್ಲಾ ನನ್ ಕಡೀಕೆ ಮುಖ ಮಾಡ್ಕೊಂಡಿರ್ತದೆ."

ಅವಳು ನಕ್ಕಳು. ನಗುತ್ತಲೇ ಅಳು ಬಂತು. ಹುಳುಗಳ ಮೇಲೆ ಹೊಟ್ಟೆಕಿಚ್ಚೂ ಆಯಿತು: ಅವಕ್ಕೆ ಬೆಚ್ಚನೆಯ ಕೋಣೆಯಿದೆ, ಹೊತ್ತುಹೊತ್ತಿಗೆ ಊಟ, ನಾಲ್ಕು ನಾಲ್ಕು ಸಲ ನಿದ್ದೆ.

ಐದನೆಯ ದಿನ ಬೆಳಿಗ್ಗೆ ಹುಳುಗಳು ಸೊಪ್ಪು ತಿನ್ನುವುದನ್ನು ನಿಲ್ಲಿಸಿದವು. ಕೆಲವು ಆಗಲೇ ತಲೆಯೆತ್ತತೊಡಗಿದ್ದವು. ಮಧ್ಯಾಹ್ನದೊಳಗೆ ಎಲ್ಲವೂ ನಾಲ್ಕನೇ ನಿದ್ದೆಗೆ ಬೀಳುತ್ತವೆ. ಆಮೇಲೆ ಎರ್ಗಶ್‌ನ ವಿಮಾನ ಹಾರುವವರೆಗೂ ಅವು ಅಲ್ಲಿಂದ ಅಲ್ಲಾಡುವುದಿಲ್ಲ.

"ಊರಾಗೆ ಬೆಚ್ಚಗಿರೋ ಕೋಣೆ ಇನ್ನೊಂದೈತೆ" ಎಂದಳು ಅತ್ತೆ, ಮೇಕೆಯ ಹಾಲು ಕರೆಯುತ್ತ, ತಲೆಯೆತ್ತದೆ. "ಹೊಸ ಒಲೆ, ದೊಡ್ಡ ಕಿಟಕಿ. ಅದರ ಯಜಮಾನ ನೆನ್ನೆಯಿಂದ ಪ್ಯಾಟೇಲವ್ನೆ."

ಸಾನೊಬರ್ ಅತ್ತೆಯ ಮುಖ ನೋಡಿದಳು. ಆಮೇಲೆ ಎರಡು ತಟ್ಟೆ ಎತ್ತಿ ತಲೆಯ ಮೇಲಿಟ್ಟುಕೊಂಡಳು.

ಓಣಿಯ ಹೆಂಗಸರು ಏನು, ಎತ್ತ ಎಂದು ಕೇಳಲಿಲ್ಲ. ಒಬ್ಬೊಬ್ಬಳೂ ಎರಡೆರಡು ತಟ್ಟೆ ಹೊತ್ತು, ಮದುವೆಗೆ ಹೊರಟವರ ಹಾಗೆ ಸಾಲಾಗಿ ರೈಸ್‌ನ ಮನೆಯ ಮುಂದೆ ನಿಂತರು. ಬಾಗಿಲು ತೆರೆದವಳು ಅವನ ಹೆಂಡತಿ ಮುನವ್ವರ್, ವಾರಕ್ಕೆರಡು ಸಲ ಗಂಡನ ಅತಿಥಿಗಳಿಗೆ ಹಂಡೆಗಟ್ಟಲೆ ಪಲಾವು ಬೇಯಿಸುವವಳು. ಮೊದಲು ಅವಳ ಮುಖ ಬಿಳುಚಿಕೊಂಡಿತು, ಆಮೇಲೆ ಔತಣದ ಕೋಣೆಯತ್ತ ತಿರುಗಿ ನೋಡಿದಳು.

"ಗೂಡು ಕಟ್ಟೋಗಂಟ ಆ ಕೋಣೇಲಿ ಔತಣ ಗಿವತಣ ನಡೆಯಂಗಿಲ್ಲ ಅಲ್ವಾ?"

"ಇಲ್ಲ ಕಣಕ್ಕ. ಈರುಳ್ಳಿ ವಾಸ್ನೆನೂ ಆಗಕಿಲ್ಲ."

"ಹಂಗಿದ್ರೆ ಒಳೀಕ್ ತನ್ನಿ. ಹುಷಾರು, ಜಮಖಾನ ಮೊದ್ಲು ಸುತ್ತಿಡಾನ."

ಸಂಜೆ ರೈಸ್ ಬಂದ. ಕಾರಿನಲ್ಲಿ ಪಟ್ಟಣದ ರೇಷ್ಮೆ ಇಲಾಖೆಯ ಸಾಹೇಬ, ಹಿಂದೆ ಕಾಲು ಕಟ್ಟಿದ ಕುರಿ. ಹೊಸ್ತಿಲ ಮೇಲೆ ಕುರ್ಚಿ ಹಾಕಿ ಕೂತಿದ್ದ ಮುನವ್ವರ್ ಬಾಯಿಯ ಮೇಲೆ ಬೆರಳಿಟ್ಟಳು. ರೈಸ್ ಅವಳನ್ನು ದಾಟಿ ಇಣುಕಿದ. ಔತಣದ ಕೋಣೆಯ ತುಂಬ ತಟ್ಟೆಗಳು. ತಟ್ಟೆಗಳ ತುಂಬ, ತಲೆಯೆತ್ತಿ ನಿದ್ದೆ ಹೋದ ಸಾವಿರಾರು ಹುಳುಗಳು.

"ಯಾವ ಬೇವರ್ಸಿ..." ಎಂದು ಅವನು ಗುಡುಗಿದ.

"ಮೆತ್ತಗೆ, ಮೆತ್ತಗೆ" ಎಂದ ಸಾಹೇಬ ಗಾಬರಿಯಿಂದ. "ನಾಲ್ಕನೇ ನಿದ್ದೆ ಕಣ್ರೀ. ದಾರೀಲಿ ನೀವೇ ಹೇಳ್ತಿದ್ರಲ್ಲ, ಕದಲಿಸಬಾರ್ದು ಅಂತ. ಸ್ವಂತ ಮನೇನೇ ಬಿಟ್ಕೊಟ್ಟಿದ್ದೀರಿ, ಭೇಷ್!"

ಕುರಿ ಒಂದು ಸಲ ಅರಚಿತು. ಅದಕ್ಕೂ ಮುನವ್ವರ್ ಬೆರಳು ತೋರಿಸಿದಳು.

ರೈಸ್ ನೇರವಾಗಿ ಸಾನೊಬರ್ ಮನೆಗೆ ಬಂದ. ಹಿತ್ತಲಿನ ಮೂಲಕವೇ ಬಂದ. ಆಗತಾನೆ ಎಲೆ ಬಿಟ್ಟಿದ್ದ ಆಲೂಗಡ್ಡೆ ಗಿಡಗಳು ಅವನ ಬೂಟಿನಡಿ ಮುರಿದವು. ಅವಳು ನೋಡುತ್ತಲೇ ಇದ್ದಳು. ಆಮೇಲೆ ಬಾಗಿಲ ಬಳಿಯಿದ್ದ ಸೊಪ್ಪಿನ ಹೊರೆ ಎತ್ತಿ ಅವನ ತೋಳಿಗಿಟ್ಟಳು.

"ನಾಳಿದ್ದು ಎದ್ದೇಳ್ತವೆ, ರೈಸಣ್ಣ. ಎದ್ಮೇಲೆ ಹಸಿವು ಜಾಸ್ತಿ. ಮೂರು ಗಂಟೆಗೊಂದ್ಸಲ ಹಾಕ್ಬೇಕು. ಕೈಗಡಿಯಾರ ಐತಲ್ಲ."

"ನಿನ್ ಹಿತ್ಲು ಕಿತ್ಕೊಂತೀನಿ ಕಣೇ, ಲೌಡಿ! ಇವತ್ತೇ!"

"ಕಿತ್ಕೊ" ಎಂದಳು ಸಾನೊಬರ್. "ಇನ್ನೈದು ದಿನ ಅಲ್ಲಿಗ್ ಹೋಗಾಕೆ ನಂಗೂ ಪುರುಸೊತ್ತಿಲ್ಲ."

ಬಾಗಿಲು ಹಾಕಿ ಚಿಲಕ ಜಡಿದಳು, ಹೊತ್ತು ಇನ್ನೂ ಮುಳುಗದಿರುವಾಗಲೇ. ಖಾಲಿಯಾದ ದೊಡ್ಡ ಕೋಣೆಯಲ್ಲಿ ಎರ್ಗಶ್ ಮಗಳನ್ನು ಮೇಲಕ್ಕೆಸೆದು ಹಿಡಿಯುತ್ತಿದ್ದ. ಹುಳುಗಳು ಬಂದ ಮೇಲೆ ಮೊದಲ ಸಲ ಲೋಲಾ ಗಂಟಲು ಬಿಟ್ಟು ಕಿರುಚಿದ್ದು ಓಣಿಗೆಲ್ಲ ಕೇಳಿಸಿತು.